ಬಾಳೆಯ ಮಗಳು

ಬಾವಿಕಟ್ಟೆಯ ಬಳಿ ಒಂದು ಬಾಳೆಗಿಡವಿತ್ತು. ಹಬ್ಬ ಬಂದಾಗಲೆಲ್ಲ ಮನೆಯೊಡತಿ ದೇವರ ಎಡೆಗೆಂದು ಅದರ ಚೆಂದದ ಎಲೆಯನ್ನೇ ಕೊಯ್ಯುತ್ತಿದ್ದಳು. ಆಗೆಲ್ಲ ತಾಯಿಬಾಳೆ ತನ್ನ ಬುಡದಲ್ಲಿ ಬೆಳೆಯುತ್ತಿದ್ದ ಮಗಳಿಗೆ, "ಕತ್ತಿಯನ್ನು ನೋಡಬೇಡ ಕಣೇ, ಎಲೆ ಯಾರ ಮುಂದೆ ಹೋಗುತ್ತದೆ ನೋಡು," ಎನ್ನುತ್ತಿದ್ದಳು.

ಗೊನೆ ಬಲಿಯಿತು. ತಾಯಿಯನ್ನು ಕಡಿದರು. ಅರ್ಧ ದಿಂಡು ಮಾತ್ರ ನಿಂತಿತು.

ಬೇಲಿಯ ಜಾಲಿ ಇದಕ್ಕೇ ಕಾದಿತ್ತು. "ನಿಮ್ಮಮ್ಮನ ಭಕ್ತಿ ಎಲ್ಲಿಗೆ ಬಂತು ನೋಡಿದೆಯಾ? ನನ್ನ ಒಂದೆಲೆ ಮುಟ್ಟಲಿ ನೋಡೋಣ! ನೀನೂ ನಾಲ್ಕು ಮುಳ್ಳು ಬೆಳೆಸಿಕೋ."

ಮಗಳು ನಡುಗಿದಳು. ಬೇಸಿಗೆಗೆ ಬಾವಿಯೂ ಬತ್ತಿತು. ಆದರೂ ಅವಳ ಬೇರಿಗೆ ಎಲ್ಲಿಂದಲೋ ತಂಪು ಬರುತ್ತಲೇ ಇತ್ತು. ತಿರುಗಿ ನೋಡಿದರೆ, ಕಡಿದುಬಿಟ್ಟ ತಾಯಿಯ ದಿಂಡು ತನ್ನಲ್ಲಿದ್ದ ನೀರನ್ನೆಲ್ಲ ಮಗಳಿಗೆ ಇಳಿಸಿ ಸೊರಗುತ್ತಿತ್ತು.

ಗೌರಿ ಹಬ್ಬದ ಬೆಳಗ್ಗೆ ಮನೆಯೊಡತಿ ಕತ್ತಿ ಹಿಡಿದು ಬಂದಳು. ಮಗಳು ತನ್ನ ಚೆಂದದ ಎಲೆಯನ್ನು ತಾನಾಗಿಯೇ ಅವಳ ಕೈಗೆ ಬಾಗಿಸಿದಳು.

"ಹೇಳುವ ತಾಯಿ ಮಣ್ಣಾದಳು. ಈಗ ಯಾರ ಮಾತು ಕೇಳಿ ಕೊಡುತ್ತೀಯೆ?" ಎಂದಿತು ಜಾಲಿ.

ಮಗಳು ತಲೆಯೆತ್ತಿ ನಿಂತಳು. "ಅಮ್ಮನ ಮಾತು ಬರೀ ಕಿವಿಯಲ್ಲಿದ್ದಿದ್ದರೆ ಮರೆಯುತ್ತಿದ್ದೆನೇನೋ, ಜಾಲಿಯಣ್ಣ. ಅದು ನೀರಾಗಿ ನನ್ನೊಳಗೆ ಇಳಿದಿದೆ."

ಜಾಲಿ ಮತ್ತೇನೋ ಅನ್ನಲು ಹೊರಟಿತು. ಅಷ್ಟರಲ್ಲಿ ಮಗಳ ಬುಡದಿಂದ, ಅಜ್ಜಿಯನ್ನು ಕಂಡೇ ಇರದ ಗೇಣುದ್ದದ ಬಾಳೆಕಂದೊಂದು ತನ್ನ ಪುಟ್ಟ ಎಲೆ ಚಾಚಿ ಕೂಗಿತು:

"ಅಮ್ಮಾ, ನನ್ನದು ದೇವರಿಗೆ ಸಾಲುತ್ತದೆಯೇ?"