ಉತ್ತರ ಬಾರದ ಹೆಸರು

"ಗುರುಗಳೇ, ಸಭೆ ತಲೆದೂಗುವಂತೆ ಮಾತಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನು ಸುಮ್ಮನೆ ಕೇಳಿದ್ದಲ್ಲ. ಊರ ಹಿರಿಯರು ಕೆರೆಯ ಮೆಟ್ಟಿಲ ಬಳಿ ಇದ್ದ ಒಗೆಯುವ ಕಲ್ಲುಗಳನ್ನು ಕೀಳಿಸಲು ಹೊರಟಿದ್ದರು. ಅವುಗಳಿಂದ ಕೆರೆಯ ಅಂದ ಕೆಡುತ್ತದೆ ಎಂಬುದು ಅವರ ವಾದ. ಆ ಕಲ್ಲುಗಳನ್ನೇ ನಂಬಿ ಬದುಕುತ್ತಿದ್ದ ಮಡಿವಾಳರ ಕೇರಿಯವರು ಮಠಕ್ಕೆ ಬಂದು, ತಮ್ಮ ಪರವಾಗಿ ಯಾರಾದರೂ ಸಭೆಯಲ್ಲಿ ಎರಡು ಮಾತಾಡಬೇಕು ಎಂದು ಕೈಮುಗಿದಿದ್ದರು. ಗುರುಗಳು ಈ ಶಿಷ್ಯನನ್ನು ನೇಮಿಸಿದ್ದರು. ಸಭೆ ಮರುದಿನ ಇತ್ತು.

ಶಿಷ್ಯ ಸೋಮಾರಿಯಲ್ಲ. ಶ್ಲೋಕಗಳನ್ನು ಆರಿಸಿಕೊಂಡಿದ್ದ, ಉಪಮೆಗಳನ್ನು ಹೊಂದಿಸಿಕೊಂಡಿದ್ದ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಕೈ ಎತ್ತಬೇಕು ಎಂಬುದನ್ನು ಬಾವಿಯ ನೀರಿನಲ್ಲಿ ತನ್ನ ಮುಖ ನೋಡಿಕೊಂಡು ಅಭ್ಯಾಸ ಮಾಡಿದ್ದ. ಅದನ್ನೆಲ್ಲ ಗುರುಗಳ ಮುಂದೆ ಒಪ್ಪಿಸಿದ. ಗುರುಗಳು ಕೊನೆಯವರೆಗೂ ಕೇಳಿದರು.

"ತಲೆದೂಗುವ ಕೆಲಸವನ್ನು ಕೋಲೆಬಸವನೂ ಮಾಡುತ್ತಾನೆ. ಕೂತುಕೋ" ಎಂದು ಹೇಳಿ ಈ ಕತೆ ತೆಗೆದರು.

ಒಂದು ಹೊಳೆ. ಆಚೆ ದಡದಲ್ಲಿ ಜನರ ಮನೆಗಳು. ಈಚೆ ದಡದಲ್ಲಿ ಅವರ ಹೊಲಗಳು, ಸಂತೆಮಾಳ, ರಾಜನ ಅರಮನೆ. ಎರಡು ದಡಗಳ ನಡುವೆ ಒಬ್ಬ ಅಂಬಿಗ ಮತ್ತು ಅವನ ಹರಿಗೋಲು. ಜನ ಹರಿಗೋಲು ಹತ್ತಿ ಇಳಿಯುವ ಜಾಗವನ್ನು ಕಡವು ಎನ್ನುತ್ತಿದ್ದರು. ಹೊಳೆ ಅಲ್ಲಿ ಅಗಲವಾಗಿತ್ತು, ಸಾಧುವಾಗಿತ್ತು. ಅದರಿಂದ ಕೆಳಗೆ ಒಂದು ಮಡು ಇತ್ತು. ಮಡುವಿನಲ್ಲಿ ಸುಳಿ ಇತ್ತು.

ಆ ಕಡವಿನಲ್ಲಿ ಒಂದು ಕಟ್ಟಳೆ. ಮಳೆಗಾಲದಲ್ಲಿ ಹರಿಗೋಲು ಬಿಡುವ ಮುಂಚೆ ಅಂಬಿಗ ಒಬ್ಬೊಬ್ಬರ ಹೆಸರನ್ನೂ ಕೂಗಬೇಕು. ಕೂಗಿಸಿಕೊಂಡವರು ತಮ್ಮ ಬಾಯಿಂದಲೇ 'ಇದ್ದೀನಿ' ಎನ್ನಬೇಕು. ಆಚೆ ದಡ ಮುಟ್ಟಿದ ಮೇಲೆ ಮತ್ತೆ ಅದೇ ಕೂಗು, ಅದೇ ಉತ್ತರ. ಗಂಡನ ಪರವಾಗಿ ಹೆಂಡತಿ ಹೇಳುವಂತಿಲ್ಲ, ಅತ್ತೆಯ ಪರವಾಗಿ ಸೊಸೆ ಹೇಳುವಂತಿಲ್ಲ. ಹಿಂದೆ ಯಾವ ಕಾಲದಲ್ಲೋ ಪಕ್ಕದಲ್ಲಿದ್ದವರು 'ಅವನಿದ್ದಾನೆ, ನೀನು ಬಿಡು' ಎಂದಿದ್ದರಂತೆ. ಅವನು ಇರಲಿಲ್ಲ. ಅಂದಿನಿಂದ ಈ ಕಟ್ಟಳೆ ಬಂತು. ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಯಾರೂ ಅಲುಗುವಂತಿಲ್ಲ, ತುಟಿ ಬಿಚ್ಚುವಂತಿಲ್ಲ.

ಎದುರು ದಡದಲ್ಲಿ ಕಾಯುವವರನ್ನೂ ಅಂಬಿಗ ಹೀಗೆಯೇ ಕೂಗಿ ವಿಚಾರಿಸುತ್ತಿದ್ದ. ಹೊಳೆಯ ಮೇಲೆ ಉದ್ದನೆಯ ಮಾತು ನಡೆಯುವುದಿಲ್ಲ, ಅರ್ಧವನ್ನು ಗಾಳಿ ತಿನ್ನುತ್ತದೆ. ಅವನು ಒಂದು ಹೆಸರು ಕೂಗುತ್ತಿದ್ದ, ನಿಲ್ಲುತ್ತಿದ್ದ, ಉತ್ತರ ಬಂದ ಮೇಲೆ ಇನ್ನೊಂದು ಕೂಗುತ್ತಿದ್ದ. ಇದನ್ನು ಅವನು ಮಾತುಗಾರಿಕೆ ಎಂದು ತಿಳಿದಿರಲಿಲ್ಲ. ಅದು ಅವನ ಕೆಲಸವಾಗಿತ್ತು.

ರಾಜನಿಗೆ ಜಲಕ್ರೀಡೆಗೆಂದು ಒಂದು ಮಂಟಪ ಕಟ್ಟಿಸುವ ಮನಸ್ಸಾಯಿತು. ಅಷ್ಟುದ್ದದ ಹೊಳೆಯಲ್ಲಿ ಅವನ ಕಣ್ಣು ಬಿದ್ದದ್ದು ಆ ಕಡವಿನ ಮೇಲೆ. ಕಲ್ಲು ಇಳಿಸಲು ಜಾಗ ಬೇಕೆಂದು ಕೆಲವು ದಿನ ಕಡವನ್ನು ಮುಚ್ಚಿಸಿದರು. ಜನ ಹೊಲಕ್ಕೆ ಹೋಗದೆ ಇರಲಾಗುತ್ತದೆಯೇ? ಅಂಬಿಗ ವಿಧಿಯಿಲ್ಲದೆ ಮಡುವಿನ ಮೇಲಿಂದ ಹರಿಗೋಲು ಹಾಕಿದ. ಒಂದು ದಿನ ಅದು ಸುಳಿಗೆ ಸಿಕ್ಕಿ ಮಗುಚಿತು. ಅವನು ನೀರಿಗೆ ಬಿದ್ದವರನ್ನು ಎಳೆದೆಳೆದು ದಡಕ್ಕೆ ಹಾಕಿದ. ಆಮೇಲೆ ಹೆಸರು ಕೂಗಿದ. ಎಲ್ಲರೂ 'ಇದ್ದೀನಿ' ಎಂದರು, ಸೂಲಗಿತ್ತಿ ಹೊನ್ನಾಜವ್ವ ಒಬ್ಬಳನ್ನು ಬಿಟ್ಟು. ಅವಳು ಯಾರದೋ ಹೆರಿಗೆಗೆಂದು ಹೊರಟಿದ್ದಳು. ಅಂಬಿಗನ ಹೊಕ್ಕುಳಬಳ್ಳಿ ಕತ್ತರಿಸಿದವಳೂ ಅವಳೇ. ದನಿ ಬಿದ್ದುಹೋಗುವ ತನಕ ಅವನು ಅವಳ ಹೆಸರನ್ನು ಕೂಗಿದ.

ಅದಾದ ಮೇಲೆ, ಕಡವನ್ನು ಶಾಶ್ವತವಾಗಿ ಮುಚ್ಚುತ್ತಾರೆ ಎಂಬ ಸುದ್ದಿ ಬಂತು.

ಜನ ಸೇರಿ, ಅರಮನೆಗೆ ಹೋಗಿ ಕೇಳುವುದೆಂದು ನಿಶ್ಚಯಿಸಿದರು. ಅಂಬಿಗನೇ ಕೇಳಬೇಕು ಎಂದರು. ಜೊತೆಗೆ ಅವನಿಗೆ ಬುದ್ಧಿಯನ್ನೂ ಹೇಳಿದರು. ಹೊಳೆಯಲ್ಲಿ ಕೂಗಿದ ಹಾಗೆ ಅರಮನೆಯಲ್ಲಿ ಕೂಗಿದರೆ ಕತ್ತು ಹಿಡಿದು ಆಚೆಗೆ ದಬ್ಬುತ್ತಾರೆ, ಮೊದಲು ಹೋಗಿ ಮಾತು ಕಲಿತು ಬಾ ಎಂದರು. ಪೇಟೆಯಲ್ಲಿ ಸಭಾಮಾತು ಕಲಿಸುವ ಒಬ್ಬ ಪಂಡಿತನಿದ್ದ. ಅಂಬಿಗ ಅವನ ಬಳಿಗೆ ಹೋದ.

ಪಂಡಿತ ಶ್ರದ್ಧೆಯಿಂದಲೇ ಕಲಿಸಿದ. ದನಿ ತಗ್ಗಿಸು ಎಂದ. ಮೊದಲು ರಾಜನನ್ನು ಹೊಗಳು, ಆಮೇಲೆ ಅವನ ವಂಶವನ್ನು ಹೊಗಳು ಎಂದ. ಬರಿಯ ಮಾತಿಗೆ ಉಪಮೆ ತೊಡಿಸು ಎಂದ. ಕೊನೆಗೆ, ಅರಮನೆಯಲ್ಲಿ ಸಾವಿನ ಸುದ್ದಿ ಎತ್ತುವುದು ಅಮಂಗಳ, ಆ ಹೆಂಗಸಿನ ಹೆಸರನ್ನು ಬಿಟ್ಟುಬಿಡು ಎಂದ. ಅಂಬಿಗ ಒಪ್ಪಿದ. ಅವನನ್ನು ಬೈಯಬೇಡ. ಹೆದರಿದವನು ಯಾರು ಏನು ಹೇಳಿದರೂ ತಲೆಯಾಡಿಸುತ್ತಾನೆ.

ಸಭೆಯ ದಿನ ಬಂತು. ಜನರನ್ನು ಹೆಬ್ಬಾಗಿಲ ಆಚೆಯೇ ನಿಲ್ಲಿಸಿ, ಬಾಯಿ ಬಿಡಕೂಡದು ಎಂದು ಕಾವಲಿನವರು ಎಚ್ಚರಿಸಿದರು. ಅಂಬಿಗ ಒಬ್ಬನೇ ಒಳಗೆ ಹೋದ. ಕಲಿತದ್ದನ್ನು ಒಂದಕ್ಷರ ತಪ್ಪದೆ ಹೇಳಿದ. ರಾಜ ಸಮುದ್ರವಂತೆ, ಪ್ರಜೆಗಳು ನದಿಗಳಂತೆ. ಕಡವು ಹೊಳೆಯೆಂಬ ಹೆಣ್ಣಿನ ಕಾಲಂದುಗೆಯಂತೆ. ಅಂದುಗೆ ಕಳಚಿದರೆ ಹೆಣ್ಣಿನ ನಡಿಗೆಗೆ ನಾದವೆಲ್ಲಿ ಎಂದು ಕೇಳಿ, ದನಿಯನ್ನು ಮೆಲ್ಲಗೆ ಇಳಿಸಿ, ತಲೆ ಬಾಗಿಸಿ ನಿಂತ. ಸಭೆ ಭಲೇ ಎಂದಿತು. ಅಂಬಿಗನ ಬಾಯಲ್ಲಿ ಇಂಥ ಮಾತು ಬಂತಲ್ಲ ಎಂದು ರಾಜ ಮೆಚ್ಚಿ ಶಾಲು ಹೊದಿಸಿದ. ಮಂತ್ರಿ ಮುಂದಿನವರನ್ನು ಕರೆದ.

ಅಂಬಿಗ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಬಂದ. ಅದನ್ನೂ ಪಂಡಿತ ಕಲಿಸಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಬಹಳ ಸಂತೋಷವಾಗಿತ್ತು. ಹೊಗಳಿ ಅಟ್ಟಕ್ಕೇರಿಸಿದರೆ ಕೆಳಗಿನ ನೆಲ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಬ್ಬಾಗಿಲಲ್ಲಿ ಜನ ಅವನನ್ನು ಮುತ್ತಿಕೊಂಡರು. ಮೊಸರು ಮಾರುವ ಪಾರಜ್ಜಿ ಎಲ್ಲರಿಗಿಂತ ಮುಂದೆ ಇದ್ದಳು.

"ಕಡವು ಬಿಟ್ಟುಕೊಟ್ರೇನಪ್ಪ?"

"ಭಾಳ ಚೆನ್ನಾಗಿ ಮಾತಾಡಿದೆ ಅಂದ್ರು ಅಜ್ಜಿ."

"ಅಂದ್ರೆ ಅನ್ಲಿ. ಕಡವಿನ ವಿಚಾರ ಏನಂದ್ರು?"

ಕಡವಿನ ವಿಚಾರವಾಗಿ ರಾಜ ಒಂದು ಮಾತೂ ಆಡಿರಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅಂಬಿಗನಿಗೆ ಮೈಯೆಲ್ಲ ಉರಿಯಿತು. ರಾಜನ ಮೇಲೆ ಬಂದ ಸಿಟ್ಟಿಗಿಂತ ತನ್ನ ನಾಲಿಗೆಯ ಮೇಲೆ ಬಂದ ಸಿಟ್ಟು ದೊಡ್ಡದಿತ್ತು. ಅವನು ತಿರುಗಿ ಒಳಗೆ ಹೊರಟ. ಮರ್ಯಾದೆ ಪಡೆದು ಹೊರಬಂದವನು ಅಂದು ಮತ್ತೆ ಸಭೆಗೆ ಬರುವಂತಿಲ್ಲ ಎಂದು ಕಾವಲಿನವರು ಈಟಿ ಅಡ್ಡ ಹಿಡಿದರು.

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಅವನು ಶಾಲನ್ನು ತೆಗೆದು ಈಟಿಯ ಮೇಲೆ ಹಾಕಿದ. ಹೊಸ್ತಿಲು ದಾಟಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಬೆನ್ನ ಹಿಂದೆ ಜನ. ಎದುರಿಗೆ ಅಗಲವಾದ ಅಂಗಳ. ಅಂಗಳದ ಆಚೆ ತುದಿಯಲ್ಲಿ ಸಭೆ. ಅವನು ಉಸಿರು ತುಂಬಿಕೊಂಡು ಗಂಟಲು ಬಿಚ್ಚಿದ.

ಈ ಸಲ ಅವನ ಬಳಿ ಕಲಿತ ಮಾತು ಇರಲಿಲ್ಲ. ದಿನಾ ನಾಲಿಗೆಗೆ ಬರುವುದೇ ಬಂತು. ಕಂಬಳಿ ನೇಯುವ ಬೀರಯ್ಯನ ಹೆಸರನ್ನು ಕೂಗಿದ. ಹೆಬ್ಬಾಗಿಲ ಆಚೆಯಿಂದ 'ಇದ್ದೀನಿ' ಎಂದು ಉತ್ತರ ಬಂತು. ಬಾಯಿ ಬಿಡಕೂಡದು ಎಂದು ಕಾವಲಿನವರು ಹೇಳಿದ್ದು ಬೀರಯ್ಯನಿಗೆ ಮರೆತಿರಲಿಲ್ಲ. ಆದರೆ ಆ ದನಿ ತನ್ನ ಹೆಸರನ್ನು ಕೂಗಿದರೆ ಓಗೊಡದೆ ಇರುವುದು ಅವನ ಮೈಗೆ ಗೊತ್ತಿರಲಿಲ್ಲ. ಅಂಬಿಗ ಉಪ್ಪು ಮಾರುವ ದ್ಯಾವಮ್ಮನನ್ನು ಕೂಗಿದ. ಅವಳೂ 'ಇದ್ದೀನಿ' ಎಂದಳು. ಹೀಗೆ ಒಂದೊಂದೇ ಹೆಸರು, ಒಂದೊಂದೇ ಉತ್ತರ. ಸಭೆಯಲ್ಲಿ ಮಾತು ನಿಂತಿತು. ಅವನ ಬಾಯಿ ಮುಚ್ಚಿಸಿ ಎಂದು ಮಂತ್ರಿ ಹೇಳಿದ. ಕಾವಲಿನವನೊಬ್ಬ ಬಂದು ಅಂಬಿಗನ ಕತ್ತಿನ ಮೇಲೆ ಕೈ ಹಾಕಿದ. ಅಂಬಿಗ ಪಾರಜ್ಜಿಯ ಹೆಸರನ್ನು ಕೂಗಿದ. ಪಾರಜ್ಜಿ ಎಲ್ಲರಿಗಿಂತ ಗಟ್ಟಿಯಾಗಿ 'ಇದ್ದೀನಿ' ಎಂದಳು.

ಹರಿಗೋಲಿನಲ್ಲಿ ಪಾರಜ್ಜಿಯ ಪಕ್ಕದ ಜಾಗ ಯಾವಾಗಲೂ ಒಬ್ಬಳದೇ. ಪಾರಜ್ಜಿಯ ಹೆಸರಾದ ಮೇಲೆ ಬರುವುದೂ ಅವಳ ಹೆಸರೇ. ಅಂಬಿಗ ಯೋಚಿಸಲಿಲ್ಲ. ರೂಢಿ ಯೋಚಿಸುವುದಿಲ್ಲ.

'ಸೂಲಗಿತ್ತಿ ಹೊನ್ನಾಜವ್ವಾ' ಎಂದು ಕೂಗಿಬಿಟ್ಟ.

ಕೂಗಿದ ಮೇಲೆ ಅವನೇ ಬೆಚ್ಚಿದ. ಆದರೆ ಕೂಗಿ ಆಗಿತ್ತು. ಉತ್ತರ ಬರಲಿಲ್ಲ.

ಕಟ್ಟಳೆ ಎಂದರೆ ಕಟ್ಟಳೆ. ಹೆಬ್ಬಾಗಿಲ ಆಚೆ ಒಬ್ಬರೂ ಅಲುಗಲಿಲ್ಲ. ಕಂಕುಳಲ್ಲಿದ್ದ ಮಕ್ಕಳ ಬಾಯಿಯನ್ನು ತಾಯಂದಿರು ಸೆರಗಿನಿಂದ ಮುಚ್ಚಿದರು. ಆ ಮೌನ ಯಾಕೆಂದು ಕಾವಲಿನವನಿಗೆ ತಿಳಿಯಲಿಲ್ಲ. ತಿಳಿಯದೆಯೇ ಕತ್ತಿನ ಮೇಲಿನ ಕೈಯನ್ನು ಸಡಿಲಿಸಿದ. ಅಂಬಿಗ ಹೊಳೆಯ ಮೇಲೆ ಕಾಯುವಂತೆ ಕಾದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಸಭೆಯಲ್ಲಿದ್ದವರಿಗೆ ಏನು ಮಾಡಬೇಕೋ ತೋಚಲಿಲ್ಲ. ತಲೆದೂಗಲು ಅಲ್ಲಿ ಯಾವ ಮಾತೂ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ರಾಜ, "ಆ ಹೆಂಗಸು ಯಾಕೆ ಉತ್ತರ ಕೊಡಲಿಲ್ಲ?" ಎಂದು ಕೇಳಿದ.

"ನೀವು ಕಡವು ಮುಚ್ಚಿಸಿದ್ರಲ್ಲ ಬುದ್ಧಿ, ಆವಾಗ ಮಡುವಿನಲ್ಲಿ ಹೋದಳು" ಎಂದ ಅಂಬಿಗ. "ನಿಮ್ಮ ಮಂಟಪ ಎದ್ದರೆ ಈಗ ಓ ಅಂದವರೆಲ್ಲ ಒಬ್ಬೊಬ್ಬರಾಗಿ ಹಂಗೇ ಹೋಗ್ತಾರೆ. ನೀವು ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ನಾಳೆ ನಾನು ಹರಿಗೋಲು ಬಿಡೋದು ಕಡವಿನಿಂದಲೇ. ಹಿಡಿಸೋ ಮನಸ್ಸಿದ್ದರೆ ಅಲ್ಲಿಗೇ ಬಂದು ಹಿಡಿಸಿ."

ಈ ಮಾತಿಗೆ ಯಾರೂ ಭಲೇ ಎನ್ನಲಿಲ್ಲ.

ರಾಜ ಸಿಂಹಾಸನದಿಂದ ಇಳಿದು ಬಂದು ಅಂಬಿಗನನ್ನು ತಬ್ಬಿಕೊಂಡ ಎಂದರೆ ಕೇಳುವವರಿಗೆ ಹಿತವಾಗಿರುತ್ತದೆ. ಹಾಗೇನೂ ಆಗಲಿಲ್ಲ. ರಾಜನ ಮುಖ ಕೆಂಪಾಗಿತ್ತು. ಈ ಒರಟನು ಇನ್ನು ಅರಮನೆಯ ಹೊಸ್ತಿಲು ತುಳಿಯಕೂಡದು ಎಂದು ಅಪ್ಪಣೆ ಮಾಡಿದ. ಅದೇ ಉಸಿರಿನಲ್ಲಿ, ಮಂಟಪವನ್ನು ಹೊಳೆಯ ಮೇಲ್ಗಡೆ ಎಲ್ಲಾದರೂ ಕಟ್ಟಿ ಎಂದ. ಮಾರನೆಯ ಬೆಳಿಗ್ಗೆ ಅಂಬಿಗ ಕಡವಿಗೆ ಹೋದ. ಹಿಡಿಯಲು ಯಾರೂ ಬಂದಿರಲಿಲ್ಲ. ಅವನು ಹೆಸರುಗಳನ್ನು ಕೂಗಿ ಹರಿಗೋಲು ಬಿಟ್ಟ.

ತನ್ನ ಪಾಠವನ್ನೆಲ್ಲ ಆ ಅಂಬಿಗ ಹೊಳೆಗೆ ಹಾಕಿದ ಎಂದು ಪಂಡಿತ ಬಹಳ ದಿನ ದೂರುತ್ತಿದ್ದನಂತೆ. ಅವನ ಪಾಠದಲ್ಲಿ ಸುಳ್ಳೇನೂ ಇರಲಿಲ್ಲ. ದನಿಯ ಏರಿಳಿತವೂ ಬೇಕು, ಉಪಮೆಯೂ ಬೇಕು. ಆದರೆ ಇವೆಲ್ಲ ಹರಿಗೋಲಿನ ಬಣ್ಣ. ದಾಟಬೇಕಾದವರನ್ನು ದಡದಲ್ಲೇ ಬಿಟ್ಟು ಬರಿಯ ಬಣ್ಣವನ್ನು ಆಚೆ ದಡಕ್ಕೆ ಮುಟ್ಟಿಸಿ ಬಂದರೆ ಅವನು ಎಂಥ ಅಂಬಿಗ?

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. ತನಗೆ ಎಲ್ಲವೂ ಅರ್ಥವಾಯಿತು ಎಂದ. ಶ್ಲೋಕಗಳನ್ನು ಈಗಲೇ ಕೈಬಿಟ್ಟೆ ಎಂದ. ನಾಳೆ ಗಟ್ಟಿಯಾಗಿ, ಚುಟುಕಾಗಿ ಮಾತಾಡುತ್ತೇನೆ, ನಡುವೆ ಅಂಬಿಗನ ಹಾಗೆ ನಿಲ್ಲಿಸಿ ಕಾಯುತ್ತೇನೆ ಎಂದ. ಎಲ್ಲಿ ನಿಲ್ಲಿಸಿದರೆ ಸಭೆಯ ಎದೆಗೆ ತಾಗುತ್ತದೆ ಎಂದು ಲೆಕ್ಕ ಹಾಕುತ್ತ, ಅಭ್ಯಾಸಕ್ಕೆಂದು ಮತ್ತೆ ಬಾವಿಯ ಕಡೆಗೆ ಎದ್ದು ಹೊರಟ.

ಗುರುಗಳು ಅವನನ್ನು ತಡೆದು ಕೇಳಿದರು: "ಮಡಿವಾಳರ ಕೇರಿಯವರಲ್ಲಿ ಒಬ್ಬರ ಹೆಸರು ಹೇಳು."

ಶಿಷ್ಯ ನಿಂತಲ್ಲೇ ನಿಂತ.