ಕಾಗೆ ಗೂಡಿನ ನಾಮಕರಣ

ಕಿವಿಯಲ್ಲಿ ಹೆಸರು ಹೇಳದೆ ಮರಿಗೆ ಹುಳ ತಿನ್ನಿಸಬಾರದು ಎಂಬುದು ಕಾಗೆಗಳ ಪದ್ಧತಿ. ಬೇವಿನ ಮರದ ಗೂಡಿನಲ್ಲಿ ಒಂದು ಹೆಣ್ಣುಮರಿ ಬೆಳಗಿನಿಂದ ಬಾಯಿ ತೆರೆದುಕೊಂಡೇ ಕೂತಿತ್ತು.

“ಪದ್ಮಾವತಿ. ನಮ್ಮ ಅಜ್ಜಿಯ ಹೆಸರು,” ಎಂದಿತು ಮರಿಯ ಸೋದರತ್ತೆ.

“ಅಷ್ಟುದ್ದ ಕೂಗುವುದರೊಳಗೆ ಹದ್ದು ಬಂದು ಹೋಗಿರುತ್ತದೆ, ಅತ್ತಿಗೆ. ಪದ್ಮಿನಿ ಇರಲಿ,” ಎಂದಿತು ತಾಯಿ.

“ಪದ್ಮಾ ಸಾಕಲ್ಲವೇ?” ಎಂದಿತು ತಂದೆ. ಎರಡೂ ಸೇರಿ ಅದರ ತಲೆ ಕುಕ್ಕಿದವು.

ಮೂರು ಹೆಸರಿನ ನಡುವಿನ ವ್ಯತ್ಯಾಸ ಮರದಲ್ಲಿ ಬೇರೆ ಯಾರಿಗೂ ಕಾಣಲಿಲ್ಲ. ಹಾಗಾಗಿ ಜಗಳ ಬಹಳ ಗಂಭೀರವಾಗಿ ನಡೆಯಿತು.

ಅಳಿಲು ಇಣುಕಿ ಕೇಳಿತು: “ಅಲ್ರಮ್ಮ, ಮರಿಯ ಮೈಮೇಲೆ ಚುಕ್ಕೆಗಳಿವೆಯಲ್ಲ, ನೋಡಿದಿರಾ?”

“ನಮ್ಮ ಅಜ್ಜಿಗೂ ಇದ್ದವು. ಅದಕ್ಕೇ ಪದ್ಮಾವತಿ,” ಎಂದಿತು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಮರಿಗೆ ಹಸಿವು ತಡೆಯಲಾಗಲಿಲ್ಲ. “ಪದ್ಮಾವತಿಗೆ ಒಂದು ಹುಳ ಕೊಡಿ, ಪದ್ಮಿನಿಗೆ ಒಂದು, ಪದ್ಮಾಗೆ ಒಂದು. ಮೂವರೂ ನಾನೇ!” ಎಂದು ಚೀರಿತು.

ಅಂದಿನಿಂದ ಮೂರು ಕಾಗೆಗಳೂ ಪೈಪೋಟಿಯಲ್ಲಿ ಹುಳ ತಂದವು. ಪ್ರತಿಯೊಂದೂ ಮರಿಯ ಕಿವಿಯಲ್ಲಿ ತಾನು ಆರಿಸಿದ ಹೆಸರು ಹೇಳಿ, ತಾನೇ ಗೆದ್ದೆ ಎಂದುಕೊಂಡಿತು. ಮರಿ ಚೆನ್ನಾಗಿ ತಿಂದು ಬಲಿತು, ಒಂದು ಬೆಳಿಗ್ಗೆ ಪಕ್ಕದ ಮಾವಿನ ಮರದ ಕೋಗಿಲೆಗಳ ಜೊತೆ ಹಾರಿಹೋಯಿತು.

“ಈಗಲಾದರೂ ತಿಳಿಯಿತೇ?” ಎಂದು ಕೇಳಿತು ಅಳಿಲು.

“ತಿಳಿಯದೆ ಏನು?” ಎಂದಿತು ಅತ್ತೆ. “ಎಲ್ಲರೂ ಪದ್ಮಾವತಿ ಎಂದೇ ಕರೆದಿದ್ದರೆ ಹೀಗೆ ಆಗುತ್ತಿತ್ತೇ?”