ಅಡ್ಡಿಲ್ಲ ಎಂದವನು

ಗುರು ಎಂದರೆ ಕಾವಿ ಬಟ್ಟೆ, ಬಿಳಿಗಡ್ಡ, ಮರದ ಕೆಳಗೊಂದು ಪೀಠ ಎಂದುಕೊಂಡವರಿಗೆ ಜಟ್ಟಿಗ ತಾಂಡೇಲನನ್ನು ಕಂಡರೆ ನಿರಾಸೆಯಾದೀತು. ಅವನು ಅಳಿವೆಯ ಬಾಯಲ್ಲಿದ್ದ ಒಂದು ಕೇರಿಯ ಮುದಿ ಮೀನುಗಾರ, ದೋಣಿಗಳ ಮುಂದಾಳು. ಬಾಯಿ ತುಂಬ ಎಲೆಅಡಿಕೆ, ಮಾತು ಅಷ್ಟಕ್ಕಷ್ಟೇ.

ಹೊಳೆ ಕಡಲಿಗೆ ಸೇರುವ ಆ ಅಳಿವೆಯನ್ನು ದಾಟದೆ ಕೇರಿಯ ದೋಣಿಗಳಿಗೆ ಮೀನಿಲ್ಲ. ದಾಟುವ ಜಾಗದಲ್ಲೇ ನೀರಿನಡಿ ಮರಳಿನ ದಿಬ್ಬ. ತೆರೆ ಮುರಿಯುವುದು ಅಲ್ಲಿ, ದೋಣಿ ಮುರಿಯುವುದೂ ಅಲ್ಲೇ.

ಆದ್ದರಿಂದ ಅಲ್ಲೊಂದು ಕಟ್ಟಳೆ. ಬೆಳಕು ಹರಿಯುವಾಗ ಒಬ್ಬನೇ ಒಬ್ಬ ದಂಡೆಯಲ್ಲಿ ಕೂತು ಕಡಲು ನೋಡಬೇಕು. ನೋಡಿ, ಎದ್ದು, ಒಂದು ಮಾತು ಹೇಳಬೇಕು. ‘ಅಡ್ಡಿಲ್ಲ’ ಎಂದರೆ ದೋಣಿಗಳು ಇಳಿಯುತ್ತವೆ. ‘ಅಡ್ಡಿ ಉಂಟು’ ಎಂದರೆ ಆ ದಿನ ಬಲೆ ಒಣಗುತ್ತದೆ. ಅದರ ಮೇಲೆ ಯಾರೂ ಮಾತಾಡುವಂತಿಲ್ಲ.

ಇನ್ನೊಂದು ಷರತ್ತೂ ಇತ್ತು. ಅಡ್ಡಿಲ್ಲ ಎಂದವನು ಮೊದಲ ದೋಣಿಯ ಮುಂತುದಿಯಲ್ಲಿ ತಾನೇ ಕೂರಬೇಕು. ದಂಡೆಯಲ್ಲಿ ನಿಂತು ಬೇರೆಯವರ ಜೀವವನ್ನು ಕಳಿಸಿಕೊಡುವ ಹಾಗಿಲ್ಲ.

ಅಲ್ಲಿಯ ತನಕ ಆ ಮಾತು ಹೇಳುತ್ತಿದ್ದವನು ತಾಂಡೇಲ. ಮಂಡಿ ಹೋಗಿ ದೋಣಿ ಹತ್ತಲು ಆಗದ ದಿನ ಅವನು ತಾನಾಗಿಯೇ ಕೇರಿಗೆ ಹೇಳಿದ. “ಇನ್ನು ನನ್ನ ಮಾತು ನಡೀಬಾರ್ದು. ಪುರ್ಸುಗೆ ಕಲಿಸ್ತೆ.”

ಪುರ್ಸು ಒಳ್ಳೆಯವನು. ಗಟ್ಟಿಮುಟ್ಟಾದ ಸಂಸಾರಸ್ಥ, ಚುರುಕು ಕಣ್ಣು, ಯಾರ ಮನಸ್ಸನ್ನೂ ನೋಯಿಸದವನು. ಆ ಕೊನೆಯ ಗುಣವೇ ಒಂದು ದಿನ ಮುಳುವಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ತಾಂಡೇಲ ಅವನ ಕೈಗೆ ಒಂದು ತುಂಡು ಕತ್ತದ ಹಗ್ಗ ಕೊಟ್ಟ. ಹಗ್ಗದ ನಡುವೆ ಒಂದು ಗಂಟು. ತುದಿಗೆ ಕೆಂಡ ಹಚ್ಚಿದ.

“ಇದರ ಹೊಗೆ ನೋಡು. ಗಾಳಿ ಎತ್ಲಾಗೆ ಅಂತ ಹೇಳ್ತದೆ.”

“ಗಂಟು ಎಂತಕ್ಕೆ, ತಾಂಡೇಲ್ರೇ?”

“ಬೆಂಕಿ ಗಂಟಿಗೆ ಬರುವ ತನಕ ಏಳ್ಬೇಡ. ಗಾಳಿ ಬಾಯಿಬಡುಕ, ಕೂಡ್ಲೇ ಗುಟ್ಟು ಬಿಡ್ತದೆ. ನೀರು ಹಾಗಲ್ಲ.”

ಪುರ್ಸು ಕೂತ. ಹೊಗೆ ಮೂಡಣದಿಂದ ಮೆಲ್ಲಗೆ ಕಡಲ ಕಡೆ ಹೋಗುತ್ತಿತ್ತು. ಒಳ್ಳೆಯ ಗಾಳಿ.

“ತೆರೆಯೂ ಸಣ್ಣದೇ ಉಂಟು.”

“ಕೂತ್ಕೋ.”

“ಈಗ್ಲೂ ಸಣ್ಣದೇ.”

“ಕೂತ್ಕೋ ಅಂದ್ನಲ್ಲ.”

ಬೆಂಕಿ ಗಂಟಿನ ಹತ್ತಿರ ಬಂದಾಗ, ಗಾಳಿಯ ಸುಳಿವೇ ಇಲ್ಲದೆ, ಉದ್ದನೆಯ ತೆರೆಗಳು ಒಂದರ ಬೆನ್ನಿಗೊಂದು ಎದ್ದು ಬಂದು ದಿಬ್ಬದ ಮೇಲೆ ಮಗುಚಿದವು. ಆಮೇಲೆ ಮತ್ತೆ ಏನೂ ಆಗಿಲ್ಲವೆಂಬಂತೆ ಕಡಲು ಸುಮ್ಮನಾಯಿತು.

“ಎಲ್ಲಿಂದ ಬಂತು ಇದು?” ಪುರ್ಸು ದಂಗಾಗಿ ಕೇಳಿದ.

“ಎಲ್ಲೋ ದೂರ ಬಿರುಗಾಳಿ ಎದ್ದಿತ್ತು. ಗಾಳಿ ಅಲ್ಲೇ ಸತ್ತಿತು. ತೆರೆಗೆ ಆ ಸುದ್ದಿ ಮುಟ್ಲಿಲ್ಲ.”

ಪುರ್ಸು ಮಳೆಗಾಲ ಬೇಸಿಗೆ ಎನ್ನದೆ ಕಲಿತ. ನೀರಿನ ಬಣ್ಣ, ನೊರೆಯ ಗೆರೆ, ದಿಬ್ಬದ ಮೇಲಿನ ಸದ್ದು, ಹಕ್ಕಿಗಳು ಕೂರುವ ಕಡೆ, ಎಲ್ಲವನ್ನೂ ಕಲಿತ. ಕಡೆಗೊಂದು ಬೆಳಿಗ್ಗೆ ಕೇಳಿಯೇಬಿಟ್ಟ.

“ಇನ್ನೆಂತ ಬಾಕಿ ಉಂಟು?”

ತಾಂಡೇಲ ಅವನ ಹೆಗಲು ಹಿಡಿದು ಕೇರಿಯ ಕಡೆ ತಿರುಗಿಸಿದ. ಅಲ್ಲಿ ಹುಟ್ಟು ಹಿಡಿದ ಗಂಡಸರು, ಖಾಲಿ ಬುಟ್ಟಿ ಹಿಡಿದ ಹೆಂಗಸರು, ಮಾತು ಕೇಳಲು ಕಾದು ನಿಂತಿದ್ದರು.

“ಎಂತ ಕಾಣ್ತದೆ?”

“ನಮ್ಮವ್ರು.”

“ಅತ್ಲಾಗಿನ ಗಾಳಿ ಹೇಗುಂಟು?”

ಮುದುಕನಿಗೆ ಅರಳುಮರಳು ಎಂದುಕೊಂಡು ಪುರ್ಸು ನಕ್ಕ. ತಾಂಡೇಲ ನಗಲಿಲ್ಲ. ಮರುದಿನದಿಂದ ಅವನು ದಂಡೆಗೆ ಬರುವುದನ್ನೇ ಬಿಟ್ಟ. ಇಬ್ಬರು ನೋಡಿದ ಕಡಲಿಗೆ ಹೊಣೆ ಒಬ್ಬನೂ ಇರುವುದಿಲ್ಲ ಎಂಬುದು ಅವನ ಲೆಕ್ಕ.

ಆ ವರ್ಷ ಮಳೆ ಬಿಟ್ಟರೂ ಕಡಲು ಬಿಡಲಿಲ್ಲ. ದಿನವೂ ಪುರ್ಸು ಗಂಟಿನ ತನಕ ಕೂರುತ್ತಿದ್ದ, ದಿನವೂ ಉದ್ದ ತೆರೆ ಬರುತ್ತಿತ್ತು, ದಿನವೂ ‘ಅಡ್ಡಿ ಉಂಟು’ ಎನ್ನುತ್ತಿದ್ದ. ಮನೆಗಳಲ್ಲಿ ಒಣಮೀನಿನ ಮಡಕೆ ತಳ ಕಂಡಿತು. ಗಂಜಿ ನೀರಾಯಿತು.

ಹೀಗಿರುವಾಗ ಆಚೆ ಕೇರಿಯವರು ಕಡಲಿಗೆ ಇಳಿದು, ಬುಟ್ಟಿ ತುಂಬ ಬಂಗಡೆ ತಂದರೆಂಬ ಸುದ್ದಿ ಬಂತು.

ಮಾರನೇ ಬೆಳಿಗ್ಗೆ ಪುರ್ಸು ಹಗ್ಗ ಹಚ್ಚಿ ಕೂತಾಗ ಅವನ ಬೆನ್ನ ಹಿಂದೆ ಇಡೀ ಕೇರಿ ನಿಂತಿತ್ತು. ಗಾಳಿ ಚೆನ್ನಾಗಿತ್ತು. ತೆರೆ ಸಣ್ಣದಿತ್ತು. ಬೆಂಕಿ ಗಂಟಿಗೆ ಇನ್ನೂ ದೂರವಿತ್ತು.

ಅವನ ಅಕ್ಕ ಬುದ್ವಂತಿಯ ಗಂಡ ಗೋಯ್ದ, ಕೇರಿಗೇ ತಮಾಷೆಯ ಆಸಾಮಿ, ಹಿಂದಿನಿಂದ ಕೂಗಿದ.

“ಏ ಭಾವಾ, ಕಡಲು ನೋಡ್ತ್ಯೋ, ಹೆಣ್ಣು ನೋಡ್ತ್ಯೋ? ಒಪ್ಗೆಯಾದ್ರೆ ಬೇಗ ಹೇಳು ಮಾರಾಯಾ, ನಮ್ಗೆ ಊಟ ಇಲ್ದೆ ದಿಬ್ಬಣ ಹೊರಡೂದಿಲ್ಲ!”

ಎಲ್ಲರೂ ನಕ್ಕರು. ಎಷ್ಟೋ ದಿನದ ಮೇಲೆ ಕೇರಿ ನಕ್ಕಿತ್ತು. ಆ ನಗು ಪುರ್ಸುವಿಗೂ ಹಿತವಾಯಿತು. ಅವನೂ ನಕ್ಕ. ನಗುತ್ತಲೇ ಎದ್ದ.

“ಅಡ್ಡಿಲ್ಲ” ಎಂದ.

ಮೊದಲ ದೋಣಿಯ ಮುಂತುದಿಯಲ್ಲಿ ಅವನು ಕೂತ. ದೋಣಿ ದಿಬ್ಬವನ್ನು ಸಲೀಸಾಗಿ ದಾಟಿತು. ಆಗ ಎದುರಿನಿಂದ ಉದ್ದ ತೆರೆಗಳು ಎದ್ದವು. ಆಳದ ನೀರಿನಲ್ಲಿದ್ದ ಪುರ್ಸುವಿನ ದೋಣಿಯನ್ನು ಒಮ್ಮೆ ಎತ್ತಿ, ಇಳಿಸಿ, ಅಡಿಯಿಂದ ಹಾದುಹೋದವು.

ಪುರ್ಸು ತಿರುಗಿ ನೋಡಿದ. ಎರಡನೇ ದೋಣಿ ಆಗಷ್ಟೇ ದಿಬ್ಬದ ಮೇಲೆ ಬಂದಿತ್ತು. ಗೋಯ್ದ ಹುಟ್ಟು ಎತ್ತಿ ಅವನಿಗೇನೋ ಕೂಗುತ್ತಿದ್ದ. ಏನು ಕೂಗಿದನೋ ಕೇಳಲಿಲ್ಲ.

ಮಗುಚಿದ ದೋಣಿಯ ಉಳಿದವರು ಈಜಿ ದಂಡೆ ಸೇರಿದರು. ಗೋಯ್ದ ಸಂಜೆ ಬಂದ, ಮುಖ ಮರಳಿಗೆ ಹಾಕಿಕೊಂಡು.

ಚಿತೆ ಆರಿದ ಮೇಲೆ ಪುರ್ಸು ತಾಂಡೇಲನ ಅಂಗಳಕ್ಕೆ ಹೋಗಿ ನಿಂತ. ತಾಂಡೇಲ ಬಲೆ ಹೆಣೆಯುತ್ತಿದ್ದ.

“ತಪ್ಪು ನನ್ದಾ, ತಾಂಡೇಲ್ರೇ?”

“ಹೌದು.”



“ಎಲ್ಲರೂ ವಿಧಿ ಅಂತಾರೆ. ಅಕ್ಕನೂ ಹಾಗೇ ಅಂದ್ಲು.”

“ಹಾಗಾದ್ರೆ ಅವ್ರ ಮನೆಗೆ ಹೋಗು. ಇಲ್ಲಿ ಎಂತಕ್ಕೆ ಬಂದಿ?”

ಪುರ್ಸು ಅಂಗಳದಲ್ಲೇ ಕುಸಿದು ಕೂತು ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ, ತಾಂಡೇಲ ಅಂದು ಕೇಳಿದ ಬೆನ್ನ ಹಿಂದಿನ ಗಾಳಿ ಎಂದರೇನೆಂದು ಅವನಿಗೆ ಆಗ ತಿಳಿಯಿತು. ಅವನು ಹೇಳದೇ ಇದ್ದರೂ ಅದು ತಾಂಡೇಲನಿಗೂ ತಿಳಿಯಿತು.

“ನನ್ನನ್ನು ಬಿಟ್ಬಿಡಿ. ಬೇರೆ ಯಾರಿಗಾದ್ರೂ ಕಲಿಸಿ.”

“ಗೋಯ್ದನ ಕ್ರಿಯೆ ಮುಗಿದ ಮಾರನೇ ಬೆಳಿಗ್ಗೆ ಕಡಲು ನೋಡ್ಲಿಕ್ಕೆ ಕೂರು” ಎಂದು ತಾಂಡೇಲ ಬಲೆಯ ಮುಂದಿನ ಕಣ್ಣಿಗೆ ದಾರ ಪೋಣಿಸಿದ.

ಪುರ್ಸು ಕೂತ. ಗಂಟಿನ ತನಕ ಕೂತ. ಗಂಟು ದಾಟಿದ ಮೇಲೂ ಕೂತ. ಎದ್ದು “ಅಡ್ಡಿ ಉಂಟು” ಎಂದ.

ಮರುದಿನವೂ ಅದೇ. ಅದರ ಮರುದಿನವೂ. ಅಷ್ಟರಲ್ಲಿ ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಆಗಿತ್ತು. ಮಕ್ಕಳು ಅಳಿವೆಯಲ್ಲಿ ಈಜುತ್ತಿದ್ದರು. ಆದರೂ “ಅಡ್ಡಿ ಉಂಟು.”

ಸತ್ತವನ ಮೇಲಿನ ಗೌರವಕ್ಕೆ ಜನ ಕೆಲವು ದಿನ ತಾಳಿಕೊಂಡರು. ಆಮೇಲೆ ಗೊಣಗಿದರು. ಬಿಸಿ ಹಾಲಿಗೆ ಬಾಯಿಟ್ಟ ಬೆಕ್ಕು ಇದು, ಇನ್ನು ಮಜ್ಜಿಗೆಯನ್ನೂ ಮೂಸುವುದಿಲ್ಲ ಎಂದರು.

ಗೋಯ್ದನ ಮಗ ಬೀರ ಪ್ರಾಯಕ್ಕೆ ಬಂದ ಗಟ್ಟಿ ಹುಡುಗ. ಅಪ್ಪನ ಹುಟ್ಟು ಈಗ ಅವನ ಕೈಯಲ್ಲಿತ್ತು. ಒಂದು ಬೆಳಿಗ್ಗೆ ಅವನು ಎಲ್ಲರೆದುರೇ ಹೇಳಿದ.

“ಮಾವಾ, ಅಪ್ಪ ಹೋದದ್ದಕ್ಕೆ ನಾನು ನಿನ್ಗೆ ಒಂದು ಮಾತು ಅನ್ಲಿಲ್ಲ. ಆದ್ರೆ ಮನೆಯಲ್ಲಿ ನನ್ನ ಆಯಿ, ನಿನ್ನಕ್ಕ, ಎರಡು ದಿನದಿಂದ ಬರೀ ನೀರು ಕುಡ್ದು ಮಲಗ್ತಾಳೆ. ನಾಳೆ ನೀನು ಎಂತ ಹೇಳಿದ್ರೂ ನಾನು ಹೋಗ್ತೆ. ಉಳಿದವ್ರೂ ಬರ್ತಾರೆ.”

ಪುರ್ಸು ಉರಿಯುವ ಹಗ್ಗವನ್ನು ಹಿಡಿದುಕೊಂಡೇ ತಾಂಡೇಲನ ಅಂಗಳಕ್ಕೆ ಓಡಿದ.

“ಕೇರಿಯವ್ರು ಮಾತು ಮೀರ್ತಾರಂತೆ! ನೀವಾದ್ರೂ ಹೇಳಿ!”

“ಇವತ್ತು ಎಂತ ನೋಡ್ದೆ?”

“ಅಡ್ಡಿ ಉಂಟು.”

“ನೋಡಿದ್ದು ಕೇಳಿದೆ. ಗಾಳಿ?”

“ಮೂಡಿಂದ.”

“ತೆರೆ?”

“ಸಣ್ಣದು.”

“ಉದ್ದದ್ದು ಬಂತಾ?”

“ಬರ್ಲಿಲ್ಲ.”

“ಮತ್ತೆ ಅಡ್ಡಿ ಎಲ್ಲುಂಟು?”

“ದಿಬ್ಬದ ಮೇಲೆ ಗೋಯ್ದಭಾವ ಕಾಣ್ತಾನೆ. ಹುಟ್ಟು ಎತ್ತಿ ಕೂಗ್ತಾನೆ.”

“ಗೋಯ್ದ ದಿಬ್ಬದ ಮೇಲಿಲ್ಲ. ಅವ್ನನ್ನು ಸುಟ್ಟಾಯ್ತು. ಕಟ್ಟಿಗೆ ಇಟ್ಟವ್ರಲ್ಲಿ ನೀನೂ ಇದ್ದಿ.”

ತಾಂಡೇಲ ಕೈ ಚಾಚಿ ಆ ಹಗ್ಗವನ್ನು ತೆಗೆದುಕೊಂಡು ಕಾಲು ತೊಳೆಯುವ ನೀರಿನ ಮಡಕೆಗೆ ಅದ್ದಿದ. ಚುಂಯ್ ಎಂದು ಆರಿತು.

“ಏಳುವ ಮೊದ್ಲೇ ಮಾತು ಗೊತ್ತಿದ್ದವ್ನಿಗೆ ಇದು ಎಂತಕ್ಕೆ? ಮನೆಯಲ್ಲೇ ಕಂಬಳಿ ಹೊದ್ದು ಮಲಗು. ಹೆಂಡ್ತಿ ಹತ್ರ ಹೇಳಿ ಕಳಿಸು.”

“ತಾಂಡೇಲ್ರೇ...”

“ಅಂದು ಬದುಕಿದ್ದವ್ರ ಮುಖ ನೋಡಿ ಹೇಳ್ದೆ. ಈಗ ಸತ್ತವ್ನ ಮುಖ ನೋಡಿ ಹೇಳ್ತಿ. ನಾಳೆ ನಿಜವಾಗಿ ಅಡ್ಡಿ ಇದ್ರೆ, ನಿನ್ನ ಮಾತಿಗೆ ಯಾರು ಕಿವಿ ಕೊಡ್ತಾರೆ? ಬೀರ ಕೊಡ್ತಾನಾ?”

ಪುರ್ಸು ತಲೆ ತಗ್ಗಿಸಿ ಮನೆಗೆ ಹೋದ. ಹೆಂಡತಿ ಬಡಿಸಿದ ಗಂಜಿಯನ್ನು ಮುಟ್ಟಲಿಲ್ಲ. ಬೀರ ಹುಟ್ಟಿದಾಗ ಮೊದಲು ಎತ್ತಿಕೊಂಡವನು ತಾನೇ ಎಂಬುದು ಮತ್ತೆ ಮತ್ತೆ ನೆನಪಾಯಿತು.

ಮಾರನೇ ಬೆಳಿಗ್ಗೆ ಅವನು ಹೊಸ ಹಗ್ಗಕ್ಕೆ ಗಂಟು ಹಾಕಿ, ಹಚ್ಚಿ, ದಂಡೆಯಲ್ಲಿ ಕೂತ. ಹಿಂದೆ ದೋಣಿಗಳು ಆಗಲೇ ನೀರಿನ ಅಂಚಿಗೆ ಬಂದಿದ್ದವು. ಬೀರ ಎರಡನೇ ದೋಣಿಯ ಪಕ್ಕ ನಿಂತಿದ್ದ. ಬುದ್ವಂತಿ ಮಗನ ತೋಳು ಹಿಡಿದಿದ್ದಳು.

ಜನ ಸರಿದು ದಾರಿ ಬಿಟ್ಟರು. ಎಷ್ಟೋ ದಿನದ ಮೇಲೆ ತಾಂಡೇಲ ಕೋಲೂರಿಕೊಂಡು ದಂಡೆಗೆ ಬಂದಿದ್ದ. ಬಂದು ಕಡಲಿಗೆ ಬೆನ್ನು ಹಾಕಿ ಕೂತ.

ಪುರ್ಸು ಹೊಗೆ ನೋಡಿದ. ನೊರೆ ನೋಡಿದ. ದಿಬ್ಬದ ಸದ್ದು ಕೇಳಿದ. ಗೋಯ್ದ ಕಂಡ. ಪುರ್ಸು ಅವನನ್ನು ದಾಟಿ ಹಿಂದಿನ ನೀರನ್ನು ನೋಡಿದ. ಬೆಂಕಿ ಗಂಟಿಗೆ ಬಂತು. ಉದ್ದ ತೆರೆ ಬರಲಿಲ್ಲ.

“ಎಲ್ಲ ಸರಿ ಉಂಟು” ಎಂದು ಅವನು ಮೆಲ್ಲಗೆ ತಾಂಡೇಲನಿಗೆ ಹೇಳಿದ. “ಇಷ್ಟು ನೋಡಿದ ಮೇಲೆ ತಪ್ಪೂದಿಲ್ಲ, ಅಲ್ದಾ?”

“ತಪ್ಪಬಹುದು.”

ಪುರ್ಸು ತಿರುಗಿ ಅವನನ್ನು ನೋಡಿದ.

“ನನ್ನ ಹಿರೀ ಮಗ ಹೋದ ದಿನ ನಾನೂ ಗಂಟಿನ ತನಕ ಕೂತಿದ್ದೆ” ಎಂದ ತಾಂಡೇಲ. “ನೋಡೂದ್ರಲ್ಲಿ ಒಂದು ಕೂದಲಷ್ಟೂ ಕಮ್ಮಿ ಮಾಡಿರ್ಲಿಲ್ಲ.”

ತಾಂಡೇಲನಿಗೆ ಕಡಲಿಗೆ ಹೋದ ಮಗನೊಬ್ಬ ಇದ್ದನೆಂದು ಪುರ್ಸು ಕೇಳಿದ್ದ. ಆ ದಿನ ಅಡ್ಡಿಲ್ಲ ಎಂದವರು ಯಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಹಾಗಾದ್ರೆ ನೋಡಿ ಎಂತ ಸುಖ?”

ಅಷ್ಟರಲ್ಲಿ ಬುದ್ವಂತಿ ಹತ್ತಿರ ಬಂದಳು. ಅವಳ ಕಣ್ಣು ಬತ್ತಿ ಹೋಗಿತ್ತು.

“ತಾಂಡೇಲ್ರೇ, ಒಬ್ಬನ್ನ ಕೊಟ್ಟಾಯ್ತು. ಇವ್ನನ್ನ ಕಳಿಸ್ಲಾ, ಬೇಡ್ವಾ? ನೀವು ಹೇಳಿ.”

“ನನ್ನ ಕೇಳ್ಬೇಡ ಮಗಾ. ನಾನು ಕಡಲಿಗೆ ಬೆನ್ನು ಹಾಕಿ ಕೂತವ. ನೋಡಿದವ ಅವ್ನು.”

ಬುದ್ವಂತಿ ತಮ್ಮನ ಕಡೆ ತಿರುಗಿದಳು. ಕೇರಿ ಇಡೀ ತಿರುಗಿತು. ‘ಅಡ್ಡಿ ಉಂಟು’ ಎಂದರೆ ಸುಳ್ಳಾಗುತ್ತಿತ್ತು, ಬೀರ ಹೇಗೂ ಹೋಗುತ್ತಿದ್ದ, ಇನ್ನು ಮುಂದೆ ಯಾವ ಕೆಟ್ಟ ದಿನವೂ ಅವನನ್ನು ತಡೆಯುವ ಮಾತು ಕೇರಿಯಲ್ಲಿ ಉಳಿಯುತ್ತಿರಲಿಲ್ಲ. ಪುರ್ಸು ಅಕ್ಕನ ಮುಖವನ್ನು ನೋಡಲಿಲ್ಲ. ನೋಡಿದ್ದರೆ ಬಾಯಿ ಏಳುತ್ತಿರಲಿಲ್ಲ.

“ಅಡ್ಡಿಲ್ಲ” ಎಂದ.

ಯಾರೂ ನಗಲಿಲ್ಲ. ಬೀರ ಕೂಡ ಹುಟ್ಟನ್ನು ಒಂದು ಗಳಿಗೆ ಎದೆಗೆ ಆನಿಸಿಕೊಂಡು ನಿಂತ. ಆಮೇಲೆ ದೋಣಿಗಳು ನೀರಿಗೆ ಜಾರಿದವು.

ಪುರ್ಸು ಮೊದಲ ದೋಣಿಯ ಮುಂತುದಿಗೆ ಹತ್ತಿ ಕೂತ. ತಾಂಡೇಲ ಕೋಲೂರುತ್ತ ಮೊಣಕಾಲುದ್ದ ನೀರಿಗೆ ಇಳಿದು ಬಂದು ದೋಣಿಯ ಅಂಚು ಹಿಡಿದ.

“ತಾಂಡೇಲ್ರೇ, ಸಂಜೆ ಬೀರ ಬಾರದಿದ್ರೆ ನಾನು ಅಕ್ಕನಿಗೆ ಎಂತ ಹೇಳ್ಲಿ?”

ತಾಂಡೇಲ ಅಂಚಿನಿಂದ ಕೈ ತೆಗೆದ.

“ಅವ್ನು ಬಂದ್ರೂ ಬಾ, ಬಾರದಿದ್ರೂ ಬಾ, ಬೆಳಿಗ್ಗೆ ಇಲ್ಲಿ ಕೂರ್ಲಿಕ್ಕೆ. ನಾಳಿನ ಕಡಲನ್ನು ಇನ್ನೂ ಯಾರೂ ನೋಡ್ಲಿಲ್ಲ.”